ತಾಂಡೇಲರ ಪಾಲು

ನಾನು ಹೇಳಹೊರಟಿರುವುದು ಹೀಗೆಯೇ ನಡೆಯಿತು ಎಂದು ಆಣೆ ಮಾಡಲಾರೆ. ಮೊನ್ನೆ ಭಟ್ಕಳದಿಂದ ಕುಮಟೆಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಬುಟ್ಟಿಯಿಂದ ಒಣಮೀನಿನ ವಾಸನೆ ಬಂತು. ಹಿಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ನನ್ನ ಕಣ್ಣೆದುರು ಹೊನ್ನಾವರದ ಪಕ್ಕದ ಕಾಸರಕೋಡದ ತಾಂಡೇಲರು ಬಂದು ಕೂತರು. ಕವುಚಿ ಹಾಕಿದ ದೋಣಿಗೆ ಒರಗಿ, ಮಗಳು ಓದಿ ಹೇಳುತ್ತಿದ್ದ ನನ್ನ ಸಂಶೋಧನಾ ಪ್ರಬಂಧವನ್ನು ಕೇಳುತ್ತ, ನಡುನಡುವೆ ‘ಸುಳ್ಳು’ ಎಂಬಂತೆ ತಲೆ ಕೊಡವುತ್ತ... ಇದನ್ನು ನಾನು ನಿಜವಾಗಿ ಕಂಡೆನೇ? ಅವರು ತೀರಿಕೊಂಡ ಮೇಲೆ, ನನ್ನ ಸಮಾಧಾನಕ್ಕೆ ನಾನೇ ಕಟ್ಟಿಕೊಂಡೆನೇ?

ಅವರು ರಂಪಣಿ ಬಲೆಯ ಗುಂಪಿಗೆ ಮುಖ್ಯಸ್ಥರು. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗಗಳನ್ನು ದಂಡೆಯಿಂದ ಎಳೆಯುವ ಮೀನುಗಾರಿಕೆ ಅದು. ಹಗ್ಗಕ್ಕೆ ಕೈ ಹಚ್ಚಿದವನು ದಾರಿಹೋಕನಾದರೂ ಪಾಲು ಕೊಡಬೇಕು ಎಂಬುದು ಅಲ್ಲಿನ ರೂಢಿ. ಎರಡು ವರ್ಷ ಅವರ ನೆರವಿನಿಂದಲೇ ಬಲೆಗೆ ಬೀಳುವ ಎಳೆಮೀನಿನ ಲೆಕ್ಕ ಹಿಡಿದ ನಾನೂ ಒಂದು ದಿನ ಎಳೆದೆ. ಅಂಗೈ ಸುಲಿಯಿತು. ತಾಂಡೇಲರು ನನ್ನ ಚೀಲಕ್ಕೆ ಬಂಗುಡೆ ಮೀನು ಸುರಿದರು. ಬೇಡವೆಂದಾಗ, “ಹಿಡ್ಕಾ ತಮಾ. ನೀನು ಬಿಟ್ಟೋದ್ರೆ ಕೆಟ್ಟ ಹೆಸ್ರು ನಂಗೆ” ಎಂದು ಗದರಿದರು.

ಆ ಲೆಕ್ಕದ ಮೇಲೆ ಬರೆದ ನನ್ನ ಮೊದಲ ಪ್ರಬಂಧ ದೊಡ್ಡ ಹೆಸರಿನ ವಿದೇಶಿ ಪತ್ರಿಕೆಯಲ್ಲಿ ಬಂತು. ದಂಡೆಯ ಬಲೆಗಳ ಕಣ್ಣು ಸಣ್ಣದು, ಎಳೆಮೀನು ನಾಶವಾಗುತ್ತಿದೆ ಎಂದು ಬರೆದಿದ್ದೆ. ಕೆಲವು ತಿಂಗಳಾದ ಮೇಲೆ ಹೊನ್ನಾವರದ ಒಂದು ಸಭೆಯಲ್ಲಿ ಅಧಿಕಾರಿಯೊಬ್ಬರು ಅದರ ಪ್ರತಿಯನ್ನು ಎತ್ತಿ ಹಿಡಿದು, ರಂಪಣಿ ನಿಲ್ಲಿಸುವ ಮಾತಾಡಿದರಂತೆ. ತಾಂಡೇಲರ ಮಗಳು ಕುಮಟೆಯಲ್ಲಿ ಶಾಲಾ ಶಿಕ್ಷಕಿ. ಅವಳು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಾರಾಂಶ ಮಾತ್ರ ಕಂಡಿತು. ಅದರ ಕೆಳಗೊಂದು ಬೀಗದ ಚಿತ್ರ, ಡಾಲರುಗಳಲ್ಲಿ ಬೆಲೆ. ಅವರ ಕಸುಬನ್ನೇ ಕಸಿಯಬಹುದಾದ ಮಾತು ಅವರಿಗೇ ಓದಲು ಸಿಗದು.

ಮುಂದಿನ ಸಲ ಹೋದಾಗ ಅವರು ಕೂರು ಎನ್ನಲಿಲ್ಲ.

“ಎಂತ ತಮಾ, ಬೈಯೂದಾದ್ರೆ ಎದುರಿಗೆ ಬೈ. ಬಾಗ್ಲು ಹಾಕ್ಕಂಡು ಬೈತ್ಯಾ?”

ಪತ್ರಿಕೆಯ ನಿಯಮ ಹಾಗೆ, ನನ್ನ ಕೈಯಲ್ಲಿಲ್ಲ ಎಂದೆ.

“ನನ್ನ ಹಗ್ಗ ಹಿಡ್ದೆ, ಪಾಲು ಕೊಟ್ಟೆ. ನಿನ್ನ ಹಗ್ಗ ನಾ ಎರಡು ಮಳೆಗಾಲ ಹಿಡೀಲಿಲ್ವಾ? ನನ್ನ ಪಾಲೆಲ್ಲಿ?”

ಇಷ್ಟು ಮಾತ್ರ ಅಕ್ಷರಶಃ ನೆನಪಿದೆ. ಇದನ್ನು ಮರೆಯಲು ಪ್ರಯತ್ನಪಟ್ಟವನು ನಾನೇ.

ಎರಡನೆಯ ಪ್ರಬಂಧ ಸಿದ್ಧವಾಗುವ ಹೊತ್ತಿಗೆ ನಮ್ಮ ವಿಶ್ವವಿದ್ಯಾಲಯಕ್ಕೂ ಒಂದು ಪ್ರಕಾಶನ ಸಂಸ್ಥೆಗೂ ಒಪ್ಪಂದವಾಗಿತ್ತು. ವಿಶ್ವವಿದ್ಯಾಲಯ ಒಟ್ಟಾಗಿ ಹಣ ಕಟ್ಟುತ್ತದೆ. ಅಲ್ಲಿನ ಸಂಶೋಧಕರು ಕೈಯಿಂದ ಕಾಸು ಹಾಕದೆ ಎಲ್ಲರೂ ಓದುವಂತೆ ಪ್ರಕಟಿಸಬಹುದು. ಆದರೆ ಪತ್ರಿಕೆ ಒಪ್ಪಂದದೊಳಗೆ ಬರಬೇಕು. ಪತ್ರಿಕೆಯೊಡನೆ ವ್ಯವಹರಿಸುವ ಮುಖ್ಯ ಲೇಖಕ ನಮ್ಮ ವಿಶ್ವವಿದ್ಯಾಲಯದವನೇ ಆಗಿರಬೇಕು, ಇಲ್ಲಿನ ಇಮೇಲಿನಿಂದಲೇ ಕಳಿಸಬೇಕು. ಅದೇ ಕಗ್ಗಂಟು. ಆ ಸ್ಥಾನ ಯಾವತ್ತೂ ನನ್ನ ಮಾರ್ಗದರ್ಶಕರದು, ಅವರು ಆಗಲೇ ಬೇರೆ ರಾಜ್ಯದ ಸಂಸ್ಥೆಗೆ ಹೋಗಿದ್ದರು. ಅವರ ಹೆಸರಲ್ಲಿ ಕಳಿಸಿದರೆ ಮತ್ತೆ ಬೀಗ.

“ಸರ್, ಈ ಸಲ ನಾನೇ ಕಳಿಸುತ್ತೇನೆ. ದಂಡೆಯವರಿಗೂ ಓದಲು ಸಿಗಲಿ” ಎಂದೆ.

“ಮೀನುಗಾರರು ಓದುತ್ತಾರೇನ್ರೀ ಇದನ್ನ?” ಅವರು ಫೋನಿನಲ್ಲೇ ನಕ್ಕರು.

“ಓದದೇ ಇರೋ ಹಕ್ಕೂ ಅವರದ್ದೇ ಸರ್. ಬೀಗ ಹಾಕೋದು ನಮ್ಮ ಹಕ್ಕಲ್ಲ.”

ಈ ಮಾತನ್ನು ಇಷ್ಟು ಚೂಪಾಗಿ ಆಡಿದೆನೇ ಎಂಬ ಅನುಮಾನ ನನಗಿದೆ. ಬಹುಶಃ ತೊದಲಿದೆ. ಹಿಂದೆ ಸರಿಯಲಿಲ್ಲ ಎಂಬುದಂತೂ ನಿಜ. ಕೊನೆಗೆ ಅವರು ಒಪ್ಪಿದರು. ಆಮೇಲೆ ಅವರು ನನಗೆ ಬರೆದುಕೊಡುವ ಶಿಫಾರಸು ಪತ್ರಗಳು ತೆಳ್ಳಗಾದವು. ಆಗಲಿ. ಪ್ರಬಂಧ ಸ್ವೀಕೃತವಾದ ದಿನ, ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಹಂಚಬಹುದು ಎಂಬ ಪರವಾನಗಿಯನ್ನು ಆರಿಸಿದೆ. ನಮ್ಮ ಗ್ರಂಥಾಲಯ ಅನುಮೋದಿಸಿತು.

ಆ ಒಪ್ಪಂದಗಳ ಮೇಲೂ ನನಗೆ ಭಕ್ತಿಯಿಲ್ಲ. ಜನರ ತೆರಿಗೆಯಲ್ಲಿ ನಡೆದ ಸಂಶೋಧನೆಯನ್ನು ಜನರಿಗೆ ತೋರಿಸಲು ಪ್ರಕಾಶಕನಿಗೆ ಮತ್ತೆ ಹಣ ಕಟ್ಟುವುದು ಎಂಥ ನ್ಯಾಯ? ಒಪ್ಪಂದವಿಲ್ಲದ ಸಣ್ಣ ಕಾಲೇಜಿನವರು ಏನು ಮಾಡಬೇಕು? ಆದರೂ ಸಿಕ್ಕ ಬಾಗಿಲನ್ನು ಒದ್ದು ತೆರೆಯದೆ ಬಿಡುವಷ್ಟು ಸಭ್ಯತೆ ನನಗೆ ಬೇಡ.

ಆ ಪ್ರಬಂಧ ತಾಂಡೇಲರನ್ನು ಖುಲಾಸೆ ಮಾಡಲಿಲ್ಲ. ಬಲೆಯ ಕಣ್ಣು ಸಣ್ಣದೇ ಎಂದು ಮತ್ತೆ ಬರೆದೆ. ಜೊತೆಗೆ, ಈ ಸಲ ಟ್ರಾಲರುಗಳನ್ನೂ ಲೆಕ್ಕ ಮಾಡಿದ್ದರಿಂದ, ಆಳಸಮುದ್ರದಲ್ಲಿ ಅವು ಬಾಚುವ ಎಳೆಮೀನಿನ ಎದುರು ದಂಡೆಯ ಪಾಲು ಚಿಕ್ಕದು ಎಂದೂ ಬರೆದೆ. ಅವರು ಜಗಳಕ್ಕೆ ಬರಲಿ ಎಂದು ಕಾದೆ... ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು.

ಮೊನ್ನೆ ಕುಮಟೆಯಲ್ಲಿ ಬಸ್ಸಿಳಿದವನು ನೇರ ತಾಂಡೇಲರ ಮಗಳ ಮನೆಗೆ ಹೋದೆ. ದೋಣಿ, ಓದು, ತಲೆ ಕೊಡವಿದ್ದು ಎಲ್ಲ ಹೇಳಿ, ಇದು ನಡೆದದ್ದು ಹೌದೇ ಎಂದು ಕೇಳಿದೆ.

“ಹೌದು. ನನ್ನ ಫೋನಲ್ಲೇ ತೆರೀತು. ಕೊಂಕಣಿಲಿ ಹೇಳ್ತಾ ಹೋದೆ. ಹಗ್ಗ ಎಳೀಲಿಕ್ಕೆ ಬಂದವ್ರೆಲ್ಲ ಸುತ್ತ ಕೂತಿದ್ರು. ಅಪ್ಪ, ‘ಆತು, ಎದುರಿಗೇ ಬೈದಿದ್ದಾನೆ. ಈಗ ನನ್ನ ಸರದಿ’ ಅಂದ್ರು. ಮುಂದಿನ ಸಭೇಲಿ ಆ ಅಧಿಕಾರಿಗೆ ಫೋನು ತೋರ್ಸಿ, ಟ್ರಾಲರಿನ ಮಾತು ಓದಿ ಅಂತ ಹಟ ಹಿಡಿದ್ರು.”

ಮತ್ತೆ ನನ್ನನ್ನು ನೋಡಿ ನಕ್ಕಳು.

“ಆದ್ರೆ ನೀವೆಲ್ಲಿದ್ರಿ ಸರ್ ಅಲ್ಲಿ? ಇದನ್ನೆಲ್ಲ ಆಮೇಲೆ ನಾನೇ ನಿಮ್ಗೆ ಫೋನಲ್ಲಿ ಹೇಳಿದ್ದು.”

ಮನೆಗೆ ಬಂದು ಆ ವರ್ಷದ ನನ್ನ ಓಡಾಟದ ಟಿಪ್ಪಣಿ ತೆಗೆದು ನೋಡಿದೆ. ಅವಳು ಹೇಳಿದ್ದು ಸರಿ. ಪ್ರಬಂಧ ಹೊರಬಂದ ಆ ತಿಂಗಳು ಪೂರ್ತಿ ನಾನು ಈ ಕರಾವಳಿಯಲ್ಲೇ ಇರಲಿಲ್ಲ.