ಮಾರಕ್ಕನೂ ಕೋವಿಯ ಒದೆತವೂ

ಪುರವರ ಹೋಬಳಿಯ ಆ ಊರಿನಲ್ಲಿ ಕೋವಿ ಇದ್ದದ್ದು ಓಬಳಯ್ಯನ ಮನೆಯಲ್ಲಿ ಮಾತ್ರ. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದು ಕೊಂಡಿದ್ದ ಒಂಟಿ ನಳಿಗೆಯ ತೋಟಾ ಕೋವಿ. ಓಬಳಯ್ಯ ಎದೆನೋವಿನಿಂದ ತೀರಿಕೊಂಡ ಮೇಲೆ ಅದು ಒಂದು ವರ್ಷ ಪೊಲೀಸ್ ಠಾಣೆಯಲ್ಲಿತ್ತು. ಹೆಂಡತಿ ಮಾರಕ್ಕ ವಾರಸುದಾರಳೆಂದು ಅರ್ಜಿ ಹಾಕಿ, ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಕೋವಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ಮನೆಗೆ ತಂದಳು. ಆಗ ಅವಳಿಗೆ ಐವತ್ತೆರಡು ವರ್ಷ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳದು. ನೂರು ಮಕ್ಕಳ ಅನ್ನದ ತಪ್ಪಲೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದಳಾದ್ದರಿಂದ ಕೋವಿಯ ಭಾರ ಅವಳಿಗೆ ಭಾರವೆನಿಸಲಿಲ್ಲ. ಗುಂಡು ಹಾರುವಾಗ ಅದು ಹಿಂದಕ್ಕೆ ಒದೆಯುತ್ತದೆ ಎಂಬುದನ್ನು ಮಾತ್ರ ಅವಳು ಎಣಿಸಿರಲಿಲ್ಲ.

ಆ ವರ್ಷ ಕಡಲೆಕಾಯಿ ಬಲಿಯುವ ಹೊತ್ತಿಗೆ ಗುಡ್ಡದ ಕಡೆಯಿಂದ ಹಂದಿಗಳು ಇಳಿದವು. ಅರಣ್ಯ ಇಲಾಖೆಯಿಂದ ಮಾರಕ್ಕನಿಗೆ ಲಿಖಿತ ಅನುಮತಿ ಸಿಕ್ಕಿತು. ಹೊಲಕ್ಕೆ ನುಗ್ಗಿದ ಹಂದಿಯನ್ನು ಮಾತ್ರ ಹೊಡೆಯಬೇಕು, ಮರಿ ಜೊತೆಗಿರುವ ಹೆಣ್ಣನ್ನು ಮುಟ್ಟಬಾರದು, ಸತ್ತದ್ದನ್ನು ಯಾರೂ ತಿನ್ನದೆ ಗಾರ್ಡ್ ಎದುರಿಗೇ ಹೂಳಬೇಕು ಎಂದು ಅದರಲ್ಲಿ ಬರೆದಿತ್ತು.

ಒಂದು ಮುಂಜಾನೆ ಪಕ್ಕದ ಹೊಲದ ದೊಡ್ಡಕ್ಕನ ಜೊತೆ ಅವಳು ಹೊಲಕ್ಕೆ ಹೋದಳು. ದೊಡ್ಡಕ್ಕ ತನ್ನ ಬದುವಿನ ಮೇಲೆ ನಿಂತಿದ್ದಾಗ ಜಾಲಿ ಪೊದೆಯಿಂದ ಒಂಟಿ ಹಂದಿಯೊಂದು ಹೊರಬಿದ್ದು ನೇರ ಅವಳ ಕಡೆಗೇ ಓಡಿತು. ಇಪ್ಪತ್ತು ಮಾರು ಆಚೆ ಇದ್ದ ಮಾರಕ್ಕ ಕೋವಿ ಎತ್ತಿದಳು, ಕಣ್ಣು ಮುಚ್ಚಿದಳು, ಟ್ರಿಗರ್ ಎಳೆದಳು. ಕೋವಿಯ ಹಿಡಿ ಹೆಗಲಿನ ಮೂಳೆಗೆ ಬಡಿಯಿತು. ನಳಿಗೆ ಆಕಾಶ ನೋಡಿತು. ಕಣ್ಣು ಬಿಡುವಾಗ ಅವಳು ಸಾಲಿನಲ್ಲಿ ಅಂಗಾತ ಬಿದ್ದಿದ್ದಳು. ದೊಡ್ಡಕ್ಕ ಹಂದಿ ತಿವಿದ ತೊಡೆ ಹಿಡಿದುಕೊಂಡು ಕೂತಿದ್ದಳು. ಹಂದಿ ಇರಲಿಲ್ಲ.

ಮಧುಗಿರಿ ಆಸ್ಪತ್ರೆಯಲ್ಲಿ ದೊಡ್ಡಕ್ಕನ ತೊಡೆಗೆ ಹದಿನೇಳು ಹೊಲಿಗೆ ಬಿದ್ದವು. ಗಾಯ ಮಾಯಿತು, ಕುಂಟು ಉಳಿಯಿತು.

ಮೇಲಿನ ಬೀದಿಯ ಮರುಳಸಿದ್ದಯ್ಯ ಶಾಲೆಯ ಗೇಟಿನ ಹತ್ತಿರ ಮಾರಕ್ಕನನ್ನು ನಿಲ್ಲಿಸಿ, "ಅದನ್ನ ಠಾಣೆಗೆ ಒಪ್ಸಿಬುಡಮ್ಮ. ಹೆಣ್ಣೆಂಗ್ಸಿಗ್ಯಾಕೆ ಆ ಉಸಾಬರಿ," ಎಂದ. ತಪ್ಪು ತನ್ನದೇ ಎಂದು ಮಾರಕ್ಕನಿಗೂ ಅನ್ನಿಸಿತ್ತು. ಸಂಜೆ ದೊಡ್ಡಕ್ಕನ ಮಂಚದ ಪಕ್ಕ ಕೂತು ಅವನ ಮಾತನ್ನು ಹೇಳಿದಾಗ ದೊಡ್ಡಕ್ಕ ಎದ್ದು ಗೋಡೆಗೆ ಒರಗಿ ಕೂತಳು.

"ಒಪ್ಸೋದಾದ್ರೆ ಒಪ್ಸು. ಇಟ್ಕೊಳ್ಳೋದಾದ್ರೆ ಸರ್ಯಾಗಿ ಕಲ್ತ್ಕೊಂಡ್ ಬಾ. ಎರಡರ ಮಧ್ಯ ಇರ್ಬ್ಯಾಡ ಕಣೆ."

ಬೇಸಿಗೆ ರಜೆಯಲ್ಲಿ ತುಮಕೂರಿನಲ್ಲಿ ನಾಗರಿಕರಿಗೆ ಹತ್ತು ದಿನದ ಬಂದೂಕು ತರಬೇತಿ ಇತ್ತು. ಅಲ್ಲಿದ್ದವರು ಇಪ್ಪತ್ತಮೂರು ಗಂಡಸರು ಮತ್ತು ಮಾರಕ್ಕ. ಕಲಿಸುವವರು ಸಂಜೀವಯ್ಯ, ಕೊರಟಗೆರೆ ಕಡೆಯ ಪೊಲೀಸ್ ಹೆಡ್ ಕಾನ್‌ಸ್ಟೆಬಲ್. ಮೊದಲ ದಿನ ಅವಳು ಕೋವಿ ಹಾರಿಸಿದ್ದನ್ನು ನೋಡಿ ಅವರು ಕೋವಿ ಇಸಿದುಕೊಂಡರು. ಪೆಟ್ಟಿಗೆಯಿಂದ ಹಳೆಯ ಕಾಲದ ದಪ್ಪ ರಿವಾಲ್ವರ್ ಒಂದನ್ನು ತೆಗೆದರು. ಅದರ ಗುಂಡು ಹೆಬ್ಬೆರಳಿನಷ್ಟಿತ್ತು.

"ನಂಗೆ ಇದ್ಯಾಕಣ್ಣ? ನಮ್ಮನೇಲಿರೋದು ಕೋವಿ," ಎಂದಳು ಮಾರಕ್ಕ.

"ಕೋವೀಲಿ ಒಂದೇ ತೋಟಾ. ತುಂಬಿದ್ಯೋ ಇಲ್ವೋ ನಿಂಗೊತ್ತಿರ್ತದೆ. ಇದ್ರಲ್ಲಿ ಗುಂಡು ಕೂರೋಕೆ ಆರು ಮನೆ. ಕೆಲವು ತುಂಬಿದೀನಿ, ಕೆಲವು ಖಾಲಿ ಬಿಟ್ಟಿದೀನಿ. ಯಾವ್ದು ಅಂತ ಹೇಳಲ್ಲ. ಹೊಡಿ."

ಮೊದಲ ಸಲ ಗುಂಡು ಹಾರಿತು. ರಿವಾಲ್ವರ್ ಅವಳ ಕೈಯನ್ನು ಹಣೆಯವರೆಗೂ ಎತ್ತಿ ಹಾಕಿತು, ಮಣಿಕಟ್ಟು ಝುಮ್ಮೆಂದಿತು. ಎರಡನೆಯ ಸಲ ಬರೀ ಟಿಕ್ ಎಂದಿತು. ಸದ್ದಿಲ್ಲ, ಹೊಗೆಯಿಲ್ಲ. ಆದರೆ ನಳಿಗೆ ನೆಲದ ಕಡೆ ಬಗ್ಗಿತ್ತು, ಅವಳ ಕಣ್ಣು ಮುಚ್ಚಿತ್ತು.

"ಖಾಲಿ ಮನೆ. ಅದು ಒದೀಲೇ ಇಲ್ಲ. ಕೈ ಯಾಕಮ್ಮ ಬಗ್ತು?"

"ಒದೀತದೆ ಅನ್ಕಂಡೆ."

"ಅದು ಒದಿಯೋಕ್ ಮುಂಚೇನೇ ನೀನು ಹೆದ್ರಿಬುಟ್ಟೆ. ಗುಂಡು ದಾರಿ ತಪ್ಪೋದು ಅಲ್ಲೇ."

ಮಾರಕ್ಕನಿಗೆ ನಾಚಿಕೆಯಾಯಿತು. ಹಂದಿಯ ದಿನವೂ ಹೀಗೇ ಆಗಿತ್ತೆಂಬುದು ಅವಳಿಗೆ ಈಗ ತಿಳಿಯಿತು. ಕೋವಿ ಅವಳನ್ನು ಕೆಡವಿದ್ದು ಆಮೇಲೆ. ಅದಕ್ಕೆ ಮೊದಲೇ ಅವಳು ಗುರಿ ಬಿಟ್ಟಿದ್ದಳು.

ಸಂಜೀವಯ್ಯ ಜಾಸ್ತಿ ಮಾತಿನವರಲ್ಲ. ಎರಡೂ ಕೈಯಲ್ಲಿ ಗಟ್ಟಿ ಹಿಡಿ, ಮೊಣಕೈ ಸೆಟೆಸಬೇಡ, ಎಡಗಾಲು ಮುಂದಿಟ್ಟು ಮೈಯನ್ನು ಚೂರು ಮುಂದಕ್ಕೆ ಬಾಗಿಸು ಎಂದರು. "ಒದೆತ ತಡೀತೀನಿ ಅನ್ಬ್ಯಾಡ. ಅದು ಎದ್ದು ತಾನೇ ಇಳೀತದೆ. ನೀನು ನಿಂತ್ಕಂಡಿರು, ಅಷ್ಟೇ." ಕುದಿಯುವ ತಪ್ಪಲೆಯ ಮುಚ್ಚಳ ತೆಗೆದಾಗ ಹಬೆ ಮುಖಕ್ಕೆ ಬಂದರೂ ತಾನು ಕಣ್ಣು ಮುಚ್ಚುವುದಿಲ್ಲವಲ್ಲ ಎಂದು ಮಾರಕ್ಕನಿಗೆ ಅನ್ನಿಸಿತು. ಆದರೂ ಅದು ಕೈಗೆ ಬರಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಖಾಲಿ ಮನೆ ಟಿಕ್ ಎಂದಾಗ ನಳಿಗೆ ಕದಲಲಿಲ್ಲ. ಸಂಜೀವಯ್ಯ ಅವಳ ಕೈಗೆ ಕೋವಿ ಕೊಟ್ಟರು. ಅದರ ಹಿಡಿಯನ್ನು ಮೂಳೆಗಲ್ಲ, ಹೆಗಲಿನ ಒಳಗಿನ ಕುಳಿಗೆ ಒತ್ತಿ, ಕೆನ್ನೆ ಆನಿಸಿ ಹೊಡೆಯುವುದನ್ನು ಉಳಿದ ದಿನಗಳಲ್ಲಿ ಕಲಿಸಿದರು. ಅವಳ ಹೆಗಲು ಹಸಿರುಗಟ್ಟಿತ್ತು.

ಮುಂದಿನ ಬೆಳೆಗೆ ಅವಳು ಮೂರು ಮುಂಜಾನೆ ಹೊಲದಲ್ಲಿ ಕಾದಳು. ಮೊದಲ ದಿನ ಬಂದದ್ದು ಐದು ಮರಿಗಳ ತಾಯಿ. ತಟ್ಟೆ ಬಡಿದು ಓಡಿಸಿದಳು. ಎರಡನೆಯ ದಿನ ಯಾವುದೂ ಬರಲಿಲ್ಲ. ಮೂರನೆಯ ದಿನ ಬೆಳಕು ಹರಿಯುವಾಗ ದೊಡ್ಡ ಗಂಡು ಹಂದಿಯೊಂದು ಬೇಲಿ ನುಗ್ಗಿ, ಮೂತಿಯಿಂದ ಸಾಲು ಅಗೆಯುತ್ತಾ ಬಂತು. ಅದು ಅಡ್ಡ ತಿರುಗುವವರೆಗೂ ಅವಳು ಕಾದಳು. ಹದಿನೈದು ಮಾರು. ಹಿಂದೆ ಗುಡ್ಡವಲ್ಲದೆ ಬೇರೇನೂ ಇರಲಿಲ್ಲ. ಕೋವಿ ಹಾರಿದಾಗ ಹಿಡಿ ಹೆಗಲನ್ನು ಹಿಂದಕ್ಕೆ ತಳ್ಳಿತು, ನಳಿಗೆ ಎದ್ದಿತು, ಇಳಿಯಿತು. ಹಂದಿ ಬಿದ್ದದ್ದನ್ನು ಅವಳು ತೆರೆದ ಕಣ್ಣಿನಿಂದಲೇ ನೋಡಿದಳು. ಅದರ ಕಾಲು ನಾಲ್ಕಾರು ಸಲ ಮಣ್ಣು ಗೀರಿ ನಿಂತಿತು. ಖುಷಿಯೆನ್ನುವಂಥದ್ದೇನೂ ಅವಳಿಗೆ ಆಗಲಿಲ್ಲ. ಖಾಲಿ ತೋಟಾ ತೆಗೆದು ಸೆರಗಿಗೆ ಕಟ್ಟಿಕೊಂಡಳು.

ಸದ್ದು ಕೇಳಿ ದೊಡ್ಡಕ್ಕ ಕುಂಟುತ್ತಾ ಬಂದಳು. ಸುತ್ತು ಹಾಕಿ, ಕೋರೆ ನೋಡಿ, ಕೋಲಿನಿಂದ ಕಿವಿ ಎತ್ತಿ ನೋಡಿದಳು.

"ಇದಲ್ಲ ಕಣೆ. ನಂಗೆ ತಿವಿದಿದ್ದರ ಎಡಗಿವಿ ಹರ್ದಿತ್ತು."

"ಹೌದಾ," ಎಂದಳು ಮಾರಕ್ಕ.

ಊರಿನ ಇಬ್ಬರು ಬಂದು ಒಂದು ತೊಡೆಯಾದರೂ ಕೊಡು ಎಂದು ಕೇಳಿದರು. ಅವಳು ಅನುಮತಿಯ ಕಾಗದ ತೋರಿಸಿದಳು. ಎಂಟು ಗಂಟೆಗೆ ಗಾರ್ಡ್ ಅರುಣ್ ಕುಮಾರ್ ಬಂದು ಫೋಟೊ ತೆಗೆದು ಆಳುದ್ದ ಗುಂಡಿ ತೋಡಿಸಿದ. ಅವನ ಬೈಕಿನಲ್ಲೇ ಮಾರಕ್ಕ ಶಾಲೆಗೆ ಹೋದಳು. ಅಂದು ಮಕ್ಕಳಿಗೆ ಊಟ ಹೊತ್ತಿಗೆ ಸರಿಯಾಗಿ ಆಯಿತು.

ಮೂರು ವರ್ಷದಲ್ಲಿ ಅವಳು ಹೊಡೆದದ್ದು ನಾಲ್ಕು ಹಂದಿ, ಗುರಿ ತಪ್ಪಿದ್ದು ಒಂದು. ಮರುಳಸಿದ್ದಯ್ಯ ಈಗ ತನ್ನ ಹೊಲಕ್ಕೆ ಹಂದಿ ಬಿದ್ದರೆ ಅವಳಿಗೇ ಫೋನ್ ಮಾಡುತ್ತಾನೆ. ಹೋದ ತಿಂಗಳು ಪಕ್ಕದ ಊರಿನ ಅಂಗನವಾಡಿ ಟೀಚರ್ ಗಂಗಾಂಬಿಕಾ ತಾನೂ ಆ ತರಬೇತಿಗೆ ಸೇರಬೇಕೆಂದು ವಿಚಾರಿಸಲು ಬಂದಿದ್ದಳು. ಅರ್ಜಿ, ಫೋಟೊ, ಬಸ್ಸಿನ ಹೊತ್ತು ಎಲ್ಲ ಕೇಳಿಕೊಂಡು, ಹೊರಡುವಾಗ ಬಾಗಿಲಲ್ಲಿ ನಿಂತಳು.

"ಹೆಗ್ಲು ನೋಯ್ತದಾ ಮಾರಕ್ಕ?"

"ನೋಯ್ತದೆ ಕಣಮ್ಮ. ಹರಳೆಣ್ಣೆ ಬಿಸಿ ಮಾಡಿ ಹಚ್ಕೊ."