ಒಂದ ಕೈಲೆ ಬಿಚ್ಚೂ ಗಂಟು

ಬೀಜದ ಗಂಟು ಕಟ್ಟಾಕ ನಮ್ಮ ಕಡೆ ಒಂದು ರೀತಿ ಐತಿ, ನಿಮಗೂ ಗೊತ್ತಿರಬೇಕು: ಹಳೇ ಸೀರಿ ತುಂಡಿನ್ಯಾಗ ಬೀಜ ಸುರುವಿ, ಒಂದ ಎಳಿ ಜಗ್ಗಿದ್ರ ಸರ್ರಂತ ಬಿಚ್ಚೂಹಂಗ ಕಟ್ಟಬೇಕು. ಬಿತ್ತಾವರ ಒಂದು ಕೈ ಯಾವಾಗ್ಲೂ ಕೂರಿಗಿ ಮ್ಯಾಲ ಇರತೈತಲ್ಲ! ನಾ ಕಟ್ಟಿದ ಗಂಟು ಮಾತ್ರ ಹಲ್ಲಿಗೂ ಬಗ್ಗೂದಿಲ್ಲ, ಕುಡಗೋಲ ಬೇಕು.

ಇಂಥವನ ಕೈಯಾಗ ನಮ್ಮ ಬೀಜದ ಬಳಗದವರು ವೆಬ್‌ಸೈಟ್ ಕೊಟ್ರು. ಬಳಗ ಅಂದ್ರ ಬೈಲಹೊಂಗಲ, ಸವದತ್ತಿ ಸುತ್ತಿನ ರೈತರು. ಸದಸ್ಯರಾದವರು ಒಂದು ಬೊಗಸಿ ಜವಾರಿ ಬೀಜ ಒಯ್ದ್ರ ಸುಗ್ಗಿಗೆ ಎರಡು ಬೊಗಸಿ ತರಬೇಕು. ಯಾರ ಮನ್ಯಾಗ ಯಾವ ಬೀಜ ಐತಿ ಅನ್ನೂದು ಸಂಗೊಳ್ಳಿ ಹುಸೇನಬಿ ಚಾಚಿಯ ತಲಿಯೊಳಗ ಇತ್ತು. ಅದನ್ನ ಸೈಟಿಗೆ ಇಳಸಾಕ ಒಂದು ಸಿಎಂಎಸ್ ಬೇಕು. ಅಂದ್ರ ಬರಿಯೂದು, ತಿದ್ದೂದು, ಸದಸ್ಯರನ್ನ ಒಳಗ ಬಿಡೂದು ಎಲ್ಲಾ ಸಂಭಾಳಸೂ ಸಾಫ್ಟ್‌ವೇರ್. ಎತ್ತು ಕೊಳ್ಳಾವರು ಹಲ್ಲ ನೋಡತಾರ. ನಾ ಕೊಂಬಿನ ಬಣ್ಣ ನೋಡಿದೆ. ನಲವತ್ತು ಸವಲತ್ತಿದ್ದದ್ದನ್ನ ಆರಿಸಿ, ಯಾರು ಏನ ಬರದ್ರೂ ನಾ ಒಪ್ಪೂತನಕ ಕಾಣಬಾರದು ಅಂತ ಕೀಲಿ ಜಡದೆ. ಪಾಸ್‌ವರ್ಡ್ ಎಷ್ಟು ಗಟ್ಟಿ ಅಂದ್ರ, ಮೂರನೇ ದಿನಕ್ಕ ನನಗ ಮರತಿತ್ತು. ಅದನ್ನ ತಿರುಗಿ ಕೊಡಸೂ ಮೆಸೇಜು ಹೋಗೂದು ನನ್ನ ಹಳೇ ಸಿಮ್ಮಿಗೆ. ಆ ಸಿಮ್ಮು ಫೋನ್ ಸಮೇತ ಮಲಪ್ರಭಾ ಕಾಲವಿಯೊಳಗ ಈಜಾಕ ಹೋಗಿತ್ತು.

ಅಷ್ಟರಾಗ ರೋಹಿಣಿ ಮಳಿ ಬಂತು. ಚಾಚಿ ಕಡೆ ಇದ್ದ ಜವಾರಿ ಹೆಸರಕಾಳು ಇನ್ಯಾರ ಮನ್ಯಾಗೂ ಇರಲಿಲ್ಲ. ಅರ್ಧ ಆಗಲೇ ನುಶಿ ಹುಳ ತಿಂದಿತ್ತು. ಈ ಸಲ ಬಿತ್ತದಿದ್ರ ತಳಿನ ಮುಗದಂಗ. ಚಾಚಿನ ಬಿತ್ತಬೇಕಂದ್ರ, ಅವರ ಹೊಲದಾಗ ಕಬ್ಬು ನಿಂತಿತ್ತು. ಮೊದಲ ಅವರ ಮನಿಗೇ ಬರತಿದ್ದ ಸದಸ್ಯರು 'ಸೈಟಿನ್ಯಾಗ ಬರ್ಲಿ' ಅಂತ ಕುಂತಿದ್ರು. ಚಾಚಿ ಸೈಟಿನ್ಯಾಗ ಬರದದ್ದು ನನ್ನ ಒಪ್ಪಿಗಿ ಕಾಯ್ಕೊಂತ ಕೀಲಿಯೊಳಗ ಕುಂತಿತ್ತು.

"ಏನಪಾ ಸಾಹೇಬ, ಬೀಜ ನಮ್ದು, ಬಾಗಿಲದಾಗ ನಿಂದೇನ ಕೆಲಸ?"

"ಭದ್ರ ಐತಿ ಚಾಚಿ, ಯಾರೂ ಒಳಗ ಹೋಗಾಕ ಆಗೂದಿಲ್ಲ."

"ನುಶಿ ಏನ ನಿನ್ನ ಪಾಸ್‌ವರ್ಡ್ ಕೇಳತೈತೇನ?"

ಚಾಚಿ ಮನಿ ಕಟ್ಟಿ ಮ್ಯಾಲ ಕುಂತಲ್ಲೇ ಹಳೇ ಸಿಎಂಎಸ್‌ಗೆ ಕೈ ಮುಗದೆ. ಈ ಸಲ ಆರಿಸಿದವರು ಚಾಚಿ. ಅವರು ಒಂದು ಕೈಲೆ ಹೆಸರಕಾಳು ಹಸನ ಮಾಡಕೊಂತ, ಇನ್ನೊಂದು ಕೈಲೆ ಒಂದೊಂದ ಸಿಎಂಎಸ್ ಒತ್ತಿ ನೋಡಿದ್ರು. ಎರಡು ಕೈ ಬೇಡಿದ್ದೆಲ್ಲಾ ಬಾದ್. ಕಡೀಕ ಉಳದದ್ದು ಒಂದು ಬಡಪಾಯಿ ಸಿಎಂಎಸ್. ಫೋಟೋ ಹಾಕೂದು, ಮಾತಾಡಿ ದನಿ ತುಂಬೂದು, ಅಷ್ಟ. ಯಾರ ಒಪ್ಪಿಗಿನೂ ಬ್ಯಾಡ. ಚಾಚಿ ಹೆಸರಕಾಳಿನ ಫೋಟೋ ಹಾಕಿ, "ಲಗೂನ ಬರ್ರೆಪಾ, ನುಶಿಕಿಂತ ಮೊದಲ ಬರ್ರಿ" ಅಂದ್ರು. ಸಂಜಿಗೆ ಸವದತ್ತಿ ಕಡೆಯವರು ಮೂರು ಮಂದಿ ಬಾಗಿಲದಾಗ ನಿಂತಿದ್ರು.

ಮೊನ್ನೆ ಆ ಹೆಸರಕಾಳು ಆರು ಬೊಗಸಿ ಆಗಿ ತಿರುಗಿ ಬಂತು. ಗಂಟು ಕಟ್ಟೂ ಕೆಲಸ ಚಾಚಿ ನನಗ ಹಚ್ಚಿದ್ರು. ಕಟ್ಟಿದೆ. ಅವರು ಒಂದ ಕೈಲೆ ಎಳಿ ಜಗ್ಗಿದ್ರು. ಅರ್ಧ ಬಿಚ್ಚಿತು. ಚಾಚಿ ನಕ್ಕೊಂತ ಗಂಟನ್ನ ಮತ್ತ ನನ್ನ ಕಡೆ ಸರಿಸಿದ್ರು. ಈ ಸಲ ಕುಡಗೋಲ ಮಾತ್ರ ಗೋಡಿ ಮ್ಯಾಲೇ ಉಳೀತು.