ಮಣೆಯ ಮೇಲೆ ಕೂತ ಸೀರೆ

ಅಜ್ಜಂಪುರದಲ್ಲಿ ನನ್ನ ಓರಗಿತ್ತಿ ಕಟ್ಟಿಸಿದ ಮನೆಯ ಅಡುಗೆಕಟ್ಟೆ ನನಗೆ ತುಸು ತಗ್ಗು. ಅವಳು ಕುಳ್ಳಗಿನ ಹೆಂಗಸು. ಗಾರೆಯವನ ಎದುರು ಮೊಣಕೈ ಮಡಚಿ ನಿಂತು ತನ್ನ ಅಳತೆ ಕೊಟ್ಟಿದ್ದಳು. ಗೋಡೆಗಳಿಗೆ ಬೆಳಿಗ್ಗೆ ಸಂಜೆ ನೀರು ಹೊಡೆದವಳೂ ಅವಳೇ. ಆಗೆಲ್ಲ ಅವಳು ಮುಟ್ಟಾಗಿದ್ದಾಳೆಯೇ ಎಂದು ಯಾರೂ ಕೇಳಲಿಲ್ಲ.

ಗೃಹಪ್ರವೇಶದ ದಿನ ಗೊತ್ತಾದಾಗ ಮಾತ್ರ ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. "ಅಯ್ಯೋ, ಸರಿಯಾಗಿ ಅವತ್ತೇ ಬತ್ತದಲ್ಲೇ ನಿಂಗೆ! ಮಾತ್ರೆ ತಗೊಂಬಿಡು ಕಣೇ."

ಅವಳ ಗಂಡ, ಅಂದರೆ ನನ್ನ ಮೈದುನ, ಮೆಡಿಕಲ್ ಶಾಪಿನಿಂದ ತಂದುಕೊಟ್ಟ. ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ಎಂದರೆ ನಮ್ಮ ಕಡೆ ಅಂಗಡಿಯವನು ಡಾಕ್ಟರ ಚೀಟಿ ಕೇಳುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ. ಅಷ್ಟರಲ್ಲಿ ಸಿಂಗಟಗೆರೆಯಲ್ಲಿ ದಾಯಾದಿ ಅಜ್ಜನೊಬ್ಬ ತೀರಿಕೊಂಡು ಸೂತಕ ಬಂತು. ಗೃಹಪ್ರವೇಶ ಮುಂದಕ್ಕೆ ಹೋಯಿತು. ಅವಳ ಮಾತ್ರೆಯೂ ಮುಂದುವರಿಯಿತು.

ತರೀಕೆರೆಯಿಂದ ನಾನು ಫೋನು ಮಾಡಿದಾಗ ಅವಳ ದನಿ ಸೋತಿತ್ತು. "ತಲೆ ಸಿಡೀತದೆ ಅಕ್ಕಾ. ಕಾಲೆಲ್ಲ ಊದ್ಕೊಂಡು ಕಾಲುಂಗ್ರ ಬಿಗಿಯಾಗ್ಬಿಟ್ಟಿದೆ."

"ಮೊದ್ಲು ನಿಲ್ಸು. ಡಾಕ್ಟರಿಗೆ ತೋರ್ಸು."

"ಬೇಡ ಅಕ್ಕಾ. ನನ್ ಮನೇಲಿ ನಾನೇ ಹಾಲು ಉಕ್ಕಿಸ್ಬೇಕು. ಅದೊಂದಾಗ್ಲಿ."

ನಾನು ಓದಿದ ಕಾನ್ವೆಂಟಿನಲ್ಲಿ ಜೀವಶಾಸ್ತ್ರದ ಮುಟ್ಟಿನ ಪಾಠ ಬಂದಾಗ ಸಿಸ್ಟರ್ ಎರಡು ಹಾಳೆ ಸೇರಿಸಿ ಪಿನ್ನು ಹಾಕಿಸಿ, ಮನೆಯಲ್ಲಿ ಓದಿಕೊಳ್ಳಿ ಎಂದಿದ್ದರು. ನಮ್ಮ ಮನೆಗಳಲ್ಲಿ ಈ ಪಾಠ ಮಾಡುತ್ತಿದ್ದವರು ಅತ್ತೆಯಂಥವರು.

ಗೃಹಪ್ರವೇಶದ ಬೆಳಿಗ್ಗೆ ಅವರಿದ್ದ ಬಾಡಿಗೆ ಮನೆಯ ಬಚ್ಚಲಿನಿಂದ ಅವಳು ನನ್ನನ್ನು ಮೆಲ್ಲಗೆ ಕರೆದಳು. ಲಂಗದ ಮೇಲೆ ಕಲೆ. ಬಾಗಿಲ ಹೊರಗೆ ಅತ್ತೆಯ ಕಿವಿಯಿತ್ತು.

"ಮಾತ್ರೆ ನುಂಗಿದ್ಯೋ, ಕದ್ದು ಉಗುಳಿದ್ಯೋ?"

ಅವಳ ಗಂಡ ವಾಚು ನೋಡಿಕೊಂಡ. "ನೆಂಟ್ರೆಲ್ಲ ಬಂದಾಯ್ತು. ಇವಳ್ದೊಂದು ಗೋಳು."

ಹೊಸ ಮನೆಯ ಎದುರಿಗೆ ಸಿಮೆಂಟು ಇಡಲು ಹಾಕಿದ್ದ ತಗಡಿನ ಶೆಡ್ಡಿನಲ್ಲಿ ಅವಳನ್ನು ಕೂರಿಸಿದರು. ದಂಪತಿ ಇಬ್ಬರೂ ಕೂರಬೇಕಲ್ಲ ಎಂದು ಪೂಜೆಯ ಅಯ್ನೋರು ಕೇಳಿದಾಗ, ಅತ್ತೆ ಅವಳ ಹೊಸ ರೇಷ್ಮೆ ಸೀರೆಯನ್ನು ಮಡಚಿ ಗಂಡನ ಪಕ್ಕದ ಮಣೆಯ ಮೇಲಿಟ್ಟು, ಅದರ ಮೇಲೊಂದು ತೆಂಗಿನಕಾಯಿ ಕೂರಿಸಿದರು. ಅಯ್ನೋರು ಸೀರೆಗೆ ಅಕ್ಷತೆ ಹಾಕಿದರು.

"ಈ ಅತ್ತಿಗೇನೇ ವಾಸಿ ಕಣಣ್ಣ," ಎಂದಳು ನಾದಿನಿ. "ಎದುರು ಮಾತಾಡಲ್ಲ."

ಅವನೂ ನಕ್ಕ.

ಬಾಗಿಲ ಮುಂದಿನ ಪೂಜೆ ಮುಗಿದು, ಮೊದಲು ಹಸುವನ್ನು ಒಳಗೆ ಹೊಡೆದರು. ಅದು ನಡುಮನೆಯಲ್ಲೇ ಸಗಣಿ ಹಾಕಿತು. "ಲಕ್ಷ್ಮಿ ಕಣ್ರೀ, ಲಕ್ಷ್ಮಿ!" ಎಂದು ಎಲ್ಲರೂ ಸಂಭ್ರಮಪಟ್ಟರು. ಆಮೇಲೆ ಅತ್ತೆ ನನ್ನ ಕಡೆ ತಿರುಗಿದರು. "ಬಾ ತಾಯಿ. ನಿಂಗೆ ಅದೆಲ್ಲ ನಿಂತೋಗಿದೆ. ನೀನೇ ಉಕ್ಸು."

ನಾನು ಆ ತಗ್ಗು ಕಟ್ಟೆಯ ಮುಂದೆ ಬಗ್ಗಿ ನಿಂತು ಒಲೆ ಹಚ್ಚಿದೆ. ಕಿಟಕಿಯಿಂದ ನೇರ ಶೆಡ್ಡು ಕಾಣುತ್ತಿತ್ತು. ಅವಳು ಖಾಲಿ ಸಿಮೆಂಟ್ ಚೀಲದ ಮೇಲೆ ಕೂತಿದ್ದಳು. ಯಾರೋ ದೂರದಿಂದ ಕೊಟ್ಟ ಎಲೆಯಲ್ಲಿ ಉಪ್ಪಿಟ್ಟಿನ ಮೇಲೆ ಸಿಮೆಂಟಿನ ಪುಡಿ ಹಾರಿ ಬೀಳುತ್ತಿತ್ತು.

ರಕ್ತ ನಿಲ್ಲಲೇ ಇಲ್ಲ. ವಾರ ಕಳೆದರೂ ಅವಳಿಗೆ ಹೊಸ ಮನೆಯ ಜಗಲಿಯೇ ಗತಿಯಾಯಿತು. ಕೊನೆಗೆ ಅವಳನ್ನು ಬಾಡಿಗೆ ಕಾರಿನಲ್ಲಿ ಕಡೂರಿಗೆ ಕರೆದುಕೊಂಡು ಹೋದೆ, ಅತ್ತೆಯೂ ಹೊರಟರು. ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಸುಣ್ಣದ ಬಿಳುಪು. ಬಿಪಿ ನೋಡಿ ರೇಗಿದರು.

"ಯಾರ್ರೀ ಈ ಮಾತ್ರೆ ಕೊಟ್ಟಿದ್ದು? ಇಷ್ಟು ದಿನ ನುಂಗೋದಾ? ರಕ್ತ ಹೆಪ್ಪುಗಟ್ಟಿದ್ರೆ ಜೀವಾನೇ ಹೋಗೋದು."

ಅತ್ತೆ ಸೆರಗು ಸರಿಮಾಡಿಕೊಂಡು ನಯವಾಗಿ ಕೇಳಿದರು, "ಹಂಗಾರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬೇರೆ ಒಳ್ಳೆ ಮಾತ್ರೆ ಬರ್ಕೊಡಿ ಡಾಕ್ಟ್ರೇ. ಹೊಸ ಮನೇಲಿ ಮೊದಲ್ನೇ ಹಬ್ಬ."

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಅವಳು ತನ್ನ ಕೆಳಗೆ ಹಳೇ ಟವಲು ಹಾಸಿಕೊಂಡು ಕೂತಿದ್ದಳು. ಊರು ಹತ್ತಿರವಾದಾಗ ನನ್ನ ಕಡೆ ಬಾಗಿದಳು.

"ಅಕ್ಕಾ, ಹಾಲು ಯಾವ ಕಡೆ ಉಕ್ತು?"

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸೀಟಿನಿಂದ ಅತ್ತೆ ಹೇಳಿದರು, "ಪೂರ್ವಕ್ಕೆ ಕಣೇ. ನೀನು ಒಳಗಿಲ್ದಿದ್ದೇ ಒಳ್ಳೇದಾಯ್ತು."